ಅಂಗಳದ ಅಕ್ಕಿ ಮತ್ತು ಕ್ಯಾಮೆರಾದ ಕಣ್ಣು

ವಿದ್ಯಾರ್ಥಿಗಳು ತೆಗೆಯುವ ಕಿರುಚಿತ್ರವೆಂದರೆ ಹಣವಿಲ್ಲದವರ ಹವ್ಯಾಸವೆಂದು ಹಿರಿಯರು ನಗುವುದುಂಟು. ಹಣದ ಕೊರತೆ ನಿಜವೇ. ಅದಕ್ಕಿಂತ ದೊಡ್ಡದು ಹೊತ್ತಿನ ಕೊರತೆ. 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದ ಪ್ರಥಮ ಬಹುಮಾನವು ಒಂದು ಕನ್ನಡ ಕಿರುಚಿತ್ರಕ್ಕೆ ಸಂದಿತು. ವೈದ್ಯ ಪದವೀಧರರಾಗಿದ್ದು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತ ಚಿದಾನಂದ ನಾಯ್ಕರು, ಊರಿನ ಹುಂಜವನ್ನು ಕದ್ದೊಯ್ದ ಮುದುಕಿಯ ಜನಪದ ಕಥೆಯನ್ನು ಅದರಲ್ಲಿ 16 ನಿಮಿಷಗಳಲ್ಲಿ ಹೇಳಿದ್ದಾರೆ. ಚಿತ್ರೀಕರಣಕ್ಕೆ ಅವರಿಗೆ ದೊರೆತದ್ದು ಕೇವಲ 4 ದಿನ. ಈ ಸುದ್ದಿಯನ್ನೋದಿ ನಮ್ಮ ಗೆಳೆಯರ ಗುಂಪಿಗೂ ಧೈರ್ಯ ಬಂದಿತು.

ನಾವು ಆರಿಸಿಕೊಂಡದ್ದು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗವನ್ನು. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ಶರಣದಂಪತಿಗಳ ಕಾಯಕ, ಒಂದು ದಿನ ಮಾರಯ್ಯನವರು ಹೆಚ್ಚಾಗಿ ತಂದ ಅಕ್ಕಿ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ್ದು, ಇವೆಲ್ಲ ಈ ಪತ್ರಿಕೆಯ ಓದುಗರಿಗೆ ತಿಳಿದದ್ದೇ. ಓದುವಾಗ ಅದು ನಾಲ್ಕು ಸಾಲು. ತೆಗೆಯಲು ಹೊರಟರೆ ನೂರು ತೊಡಕು.

ಎರವಲು ತಂದ ಕ್ಯಾಮೆರಾ ನಮ್ಮಲ್ಲಿದ್ದುದು 3 ದಿನ. ಹಳ್ಳಿಯೊಂದರಲ್ಲಿ ಹಳೆಯ ಮಣ್ಣಿನ ಮಾಳಿಗೆಯ ಮನೆ ದೊರೆಯಿತು. ಆದರೆ ಎತ್ತ ತಿರುಗಿದರೂ ಕರೆಂಟಿನ ಕಂಬ. ಮಾತಿನ ಧ್ವನಿಯನ್ನು ಹಿಡಿಯುವ ವೇಳೆಗೆ ಸರಿಯಾಗಿ ಪಕ್ಕದ ಹೊಲದ ಪಂಪ್‌ಸೆಟ್ ಶುರುವಾಗುತ್ತಿತ್ತು. ಅಕ್ಕಿಯದಂತೂ ಬೇರೆಯೇ ಕಥೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಗಿರಣಿಯ ಬಿಳಿಯಕ್ಕಿ ಕ್ಯಾಮೆರಾಕ್ಕೆ ಸುಣ್ಣ ಚೆಲ್ಲಿದಂತೆ ಕಾಣುತ್ತದೆ. ಒಳಬರುವ ಬೆಳಕನ್ನು ತಗ್ಗಿಸಿದರೆ ಕಾಳುಗಳು ತಿಳಿಯುತ್ತವೆ, ಆಯುವವರ ಮುಖ ಕಪ್ಪಾಗುತ್ತದೆ. 12ನೆಯ ಶತಮಾನದಲ್ಲಿ ಗಿರಣಿ ಎಲ್ಲಿತ್ತು? ಒರಳಿನಲ್ಲಿ ಕುಟ್ಟಿದ ಅಕ್ಕಿ ಅಷ್ಟು ಬೆಳ್ಳಗಿರದು. ಅಂತಹ 4 ಸೇರು ಅಕ್ಕಿಯನ್ನು ಹುಡುಕಿ ತರುವಷ್ಟರಲ್ಲಿ ಮೊದಲ ದಿನ ಮುಗಿಯಿತು. ಹಣೆಯ ವಿಭೂತಿ ಬೆವರಿಗೆ ಅಳಿಸುತ್ತಿದ್ದುದರಿಂದ, ಹಿಂದಿನ ಚಿತ್ರಿಕೆಯಲ್ಲಿ ಹೇಗಿತ್ತೋ ಹಾಗೆಯೇ ಮತ್ತೆ ಧರಿಸುವುದೂ ಒಂದು ಕೆಲಸವಾಯಿತು.

ಲಕ್ಕಮ್ಮನವರ ಪಾತ್ರಕ್ಕೆ ಒಪ್ಪಿದವರು ಆ ಮನೆಯ ಹಿರಿಯರು, ನಾವೆಲ್ಲ ಅವ್ವ ಎಂದೇ ಕರೆಯುತ್ತಿದ್ದವರು. ಚಿತ್ರವು ಲಿಂಗಪೂಜೆಯಿಂದ ಆರಂಭವಾಗಬೇಕೆಂದು ನಾವು ಬರೆದುಕೊಂಡಿದ್ದೆವು. ಅವ್ವ ಒಪ್ಪಲಿಲ್ಲ. “ಪೂಜಾ ಮಾಡಿ ತೋರಸೂದಲ್ಲ ತಮ್ಮಾ. ಬಾಗಲ ಹೊರಗ ಕುಂತು ಕೇಳ್ರಿ, ಅದಕ್ಕೇನ್ ಬ್ಯಾಡ ಅನ್ನಂಗಿಲ್ಲ” ಎಂದರು. ಇಷ್ಟಲಿಂಗದ ಬದಲಿಗೆ ಬೇರೊಂದು ಕಲ್ಲನ್ನಿರಿಸಿ ನಟಿಸಿದರೆ ಆಗದೇ ಎಂದು ನಮ್ಮಲ್ಲೊಬ್ಬರು ಕೇಳಿದರು. ಆ ವಾದ ರಾತ್ರಿ ಬಹುಹೊತ್ತು ನಡೆಯಿತು. ಅಂಗದ ಮೇಲಿನ ಲಿಂಗವನ್ನು ವೇಷದ ವಸ್ತುವಾಗಿಸಿ ಶರಣರ ಕಥೆಯನ್ನು ಹೇಳುವುದು ನಮ್ಮಲ್ಲಿ ಹೆಚ್ಚಿನವರಿಗೆ ಸರಿಕಾಣಲಿಲ್ಲ. ಈಗ ಚಿತ್ರದ ಆರಂಭದಲ್ಲಿರುವುದು ಮುಚ್ಚಿದ ಬಾಗಿಲು, ಬಟ್ಟಲಿಗೆ ನೀರು ಬೀಳುವ ಸದ್ದು, ಅಷ್ಟೇ. ಬರೆದ ದೃಶ್ಯಕ್ಕಿಂತ ಇದೇ ಮೇಲು.

ಅಕ್ಕಿಯ ವಿಷಯದಲ್ಲಿಯೂ ಅವ್ವನದು ಒಂದೇ ಹಟ. ಒಂದೊಂದು ದೃಶ್ಯವನ್ನೂ ನಾಲ್ಕೈದು ಸಲ ತೆಗೆಯುವುದು ನಮ್ಮ ರೂಢಿ. ಪ್ರತಿ ಸಲವೂ ಅಕ್ಕಿ ಚೆಲ್ಲಬೇಕು. ಚೆಲ್ಲಿದ್ದು ಒಂದು ಕಾಳೂ ಬಿಡದಂತೆ ಆರಿಸಿದ ಹೊರತು ಮುಂದಿನ ಸಲಕ್ಕೆ ಅವರು ಏಳುತ್ತಿರಲಿಲ್ಲ. ಕ್ಯಾಮೆರಾ ನಿಂತಿದೆ, ಹೊತ್ತು ಇಳಿಯುತ್ತಿದೆ, ಅವ್ವ ಆಯುತ್ತಲೇ ಇದ್ದಾರೆ! ಮೂರನೆಯ ದಿನ ಸಂಜೆ ನಾವೂ ಅಂಗಳದಲ್ಲಿ ಬಗ್ಗಿದೆವು. ಬೆಳಕು ಹಿಡಿಯುವವರು, ಧ್ವನಿ ಹಿಡಿಯುವವರು, ಯಾರನ್ನೂ ಅವರು ಬಿಡಲಿಲ್ಲ. ಎಲ್ಲವನ್ನೂ ಆರಿಸಿ ಮುಗಿಸುವಾಗ ಸೂರ್ಯ ಮುಳುಗಿದ್ದ.

ಹೆಚ್ಚಿನ ಅಕ್ಕಿಯನ್ನು ಮರಳಿಸುವ ಕೊನೆಯ ದೃಶ್ಯ ಇನ್ನೂ ಉಳಿದಿತ್ತು. ಕಂದೀಲಿನ ಬೆಳಕಿನಲ್ಲಿ ಅದನ್ನು ಒಂದೇ ಸಲ ತೆಗೆದೆವು. ಬೆಳಕು ಸಾಲದೆ ಚಿತ್ರವೆಲ್ಲ ಮರಳು ಎರಚಿದಂತೆ ಕಾಣುತ್ತದೆ. ಮತ್ತೊಮ್ಮೆ ತೆಗೆಯಿರೆಂದು ನಮ್ಮ ಅಧ್ಯಾಪಕರು ಹೇಳಿದರು. ನಾವು ತೆಗೆಯಲಿಲ್ಲ. ಅಕ್ಕಿಯನ್ನು ಅವ್ವ ಆ ರಾತ್ರಿಯೇ ಅಳೆದು, ಊರಿನ ಮಠದ ದಾಸೋಹಕ್ಕೆ ಕಳುಹಿಸಿಬಿಟ್ಟಿದ್ದರು.