ಯಾರ ಸಹಿ ಬೇಕಿತ್ತು?

ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡ ಸುದ್ದಿ 2012ರ ನವೆಂಬರಿನಲ್ಲಿ ಪತ್ರಿಕೆಗಳಲ್ಲಿ ಬಂದಾಗ, ಉಣಕಲ್ಲಿನ ನಮ್ಮ ಮನೆಯಲ್ಲಿ ಅದನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ. ಪಕ್ಕದ ಮನೆಯ ಅಕ್ಕಾವರು ಗೋಡೆಯಾಚೆಯಿಂದ, "ನಮ್ಮ ಬೆಳಗಾವಿ ಹುಡುಗಿ ಅಂತ್ರೀ, ಹದಿನೇಳು ವಾರ ಆಗಿತ್ತಂತ" ಎಂದರು. ನಾವು "ಹೂಂ ರೀ" ಎಂದು ಸುಮ್ಮನಾದೆವು. ಆಪಾ ಪತ್ರಿಕೆಯನ್ನು ಮಡಿಚಿ ಕಪಾಟಿನ ಮೇಲಿಟ್ಟಳು.

ಅದಕ್ಕೆ ಎಂಟು ವರ್ಷ ಮೊದಲು, 2004ರ ಮಳೆಗಾಲದಲ್ಲಿ, ಆಪಾ ಕೂಡ ಹೆಚ್ಚುಕಡಿಮೆ ಅಷ್ಟೇ ವಾರಗಳ ಬಸುರಿ. ಒಂದು ಸಂಜೆ ನೀರು ಒಡೆಯಿತು. ಆಟೋದಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಒಯ್ದೆವು. ಮಗು ಉಳಿಯುವುದಿಲ್ಲ, ಆದರೆ ಹೃದಯ ಇನ್ನೂ ಬಡಿಯುತ್ತಿದೆ, ತಡಮಾಡಿದರೆ ತಾಯಿಗೆ ನಂಜೇರುತ್ತದೆ ಎಂದರು ಡಾಕ್ಟರಮ್ಮ. ಗಂಡನ ಸಹಿ ಬೇಕೆಂದರು. ಭಾವ ಲಾರಿ ಹೊಡೆಯುತ್ತ ಪುಣೆಯ ದಾರಿಯಲ್ಲಿದ್ದರು, ಫೋನಿಗೆ ಸಿಗಲಿಲ್ಲ.

ಉಳಿದವರು ಬೆಂಚಿನ ಮೇಲೆ ಕುಳಿತಿದ್ದ ನಾವು ಗಂಡಸರು. ನೂರಿಪ್ಪತ್ತು ದಿನಕ್ಕೆ ಗರ್ಭದಲ್ಲಿ ರೂಹ್ ಊದಲಾಗುತ್ತದೆ, ಆಮೇಲೆ ತೆಗೆಸುವುದು ಹರಾಮ್ ಎಂದು ಮಾಮೂ ಅಂದರು. ಉರ್ದು ಶಾಲೆಯಲ್ಲಿ ಓದಿದವರೆಂಬ ಹೆಮ್ಮೆಯಿಂದ ನಾವೂ ಬೆರಳೆಣಿಸಿದೆವು. ಹದಿನೇಳು ವಾರವೆಂದರೆ ನೂರ ಹತ್ತೊಂಬತ್ತು ದಿನ! ದಾಟಿದೆಯೋ ಇಲ್ಲವೋ ಎಂಬ ಚರ್ಚೆ ರಾತ್ರಿ ಹತ್ತರವರೆಗೆ ನಡೆಯಿತು. ಡಾಕ್ಟರರ ವಾರಗಳು ಕೊನೆಯ ಮುಟ್ಟಿನಿಂದ ಎಣಿಕೆಯಾಗುತ್ತವೆ, ಗರ್ಭದ ನಿಜವಾದ ವಯಸ್ಸು ಎರಡು ವಾರ ಕಡಿಮೆ ಎಂಬುದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಒಳಗೆ ಆಪಾಗೆ ಚಳಿಜ್ವರ ಹತ್ತಿತ್ತು.

ದಾದಿ ಬಂದು ನಮ್ಮ ಲೆಕ್ಕ ಕೇಳಿ ಸಿಟ್ಟಾದರು. "ಹಿಸಾಬ್ ಪೀಛೆ ಕರೋ, ಪೈಲೆ ಛೋಕರಿ ಕು ಬಚಾವ್." ಲೆಕ್ಕ ಆಮೇಲೆ, ಮೊದಲು ಹುಡುಗಿಯನ್ನು ಉಳಿಸಿ. ಅಕ್ಷರ ಬಾರದ ದಾದಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಆಪಾ ಬದುಕಿದಳು.

ಸವಿತಾ ಅವರ ಪಾಲಿಗೆ ಅಂಥ ದಾದಿಯಿರಲಿಲ್ಲ. ಇದ್ದರೂ ಅಲ್ಲಿನ ಕಾನೂನು ಕೇಳುತ್ತಿರಲಿಲ್ಲವೇನೋ. 1983ರಲ್ಲಿ ಐರ್ಲೆಂಡ್ ತನ್ನ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿ ತಂದು, ಹುಟ್ಟದ ಮಗುವಿಗೂ ತಾಯಿಗೂ ಜೀವಿಸುವ ಸಮಾನ ಹಕ್ಕು ಕೊಟ್ಟಿತ್ತು. 2012ರ ಅಕ್ಟೋಬರ್ 21ರಂದು ಅವರು ಆಸ್ಪತ್ರೆ ಸೇರಿದರು. ಗರ್ಭ ಉಳಿಯದೆಂದು ಗೊತ್ತಾದ ಮೇಲೆ ತಾವೇ ಗರ್ಭಪಾತ ಕೇಳಿದರು. ಹೃದಯ ಬಡಿಯುತ್ತಿದೆ, ಆಗದು ಎಂಬ ಉತ್ತರ ಬಂತು. 28ರಂದು ನಂಜಿನಿಂದ ಸತ್ತರು, ವಯಸ್ಸು 31. ಹೇಗೂ ಉಳಿಯದ ಜೀವದ ಹಕ್ಕನ್ನು ಕಾಯುತ್ತ ಕುಳಿತ ಕಾನೂನು ಯಾರನ್ನು ಉಳಿಸಿತು?

ಹುಟ್ಟದ ಮಗುವಿಗೆ ಹಕ್ಕೇ ಇಲ್ಲವೆಂದು ನಾವು ಹೇಳುತ್ತಿಲ್ಲ. ನಮ್ಮ ಫಿಕ್ಹಿನಲ್ಲಿ ಗರ್ಭದಲ್ಲಿರುವ ಕೂಸಿಗೂ ತಂದೆಯ ಆಸ್ತಿಯಲ್ಲಿ ಪಾಲು ತೆಗೆದಿಡಬೇಕು, ಜೀವಂತ ಹುಟ್ಟಿದರೆ ಅದು ಕೂಸಿನದು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಇಂಥದೇ ಮಾತಿದೆ. ಬಸುರಿಯನ್ನು ಹೊಡೆದು ಗರ್ಭ ಹೋದರೆ ಗುರ್ರಾ ಎಂಬ ಪರಿಹಾರ ತೆರಬೇಕು. ಆದರೆ ತಾಯಿಯ ಜೀವಕ್ಕೇ ಕುತ್ತು ಬಂದಾಗ, ತಾಯಿ ಬೇರು, ಕೂಸು ಕೊಂಬೆ ಎಂದು ನೂರಿಪ್ಪತ್ತು ದಿನಗಳ ಆಚೆಗೂ ದಾರಿ ಬಿಟ್ಟ ಉಲೆಮಾಗಳಿದ್ದಾರೆ. ಬೆಂಚಿನ ಮೇಲೆ ನಮಗೆ ಗೆರೆ ಮಾತ್ರ ನೆನಪಾಯಿತು, ದಾರಿ ನೆನಪಾಗಲಿಲ್ಲ.

ಇನ್ನೂ ನಾಚಿಕೆಯ ಸಂಗತಿ ಆಮೇಲೆ ತಿಳಿಯಿತು. ಭಾರತದ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಪ್ರಕಾರ ಹದಿನೆಂಟು ತುಂಬಿದ ಹೆಂಗಸಿನ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿಯ ಮಾತೇ ಅದರಲ್ಲಿಲ್ಲ. ಜೀವ ಉಳಿಸಲು ತಕ್ಷಣ ಮಾಡಲೇಬೇಕಾದರೆ ವಾರಗಳ ಮಿತಿಯೂ ಅಡ್ಡ ಬರುವುದಿಲ್ಲ. ಆಪಾ ಎಚ್ಚರವಾಗಿಯೇ ಇದ್ದಳು. ಏಳನೇ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು, ಅಕ್ಷರ ಮುತ್ತಿನಂಥವು. ಅವಳ ಕೈಗೆ ಪೆನ್ನು ಕೊಡಬೇಕೆಂದು ಆಸ್ಪತ್ರೆಯವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

2018ರ ಮೇ 25ರಂದು ಐರ್ಲೆಂಡಿನಲ್ಲಿ ಜನಮತಗಣನೆಯಾಯಿತು. ತಿದ್ದುಪಡಿ ತೆಗೆಯಲು ಮತ ಹಾಕಿರೆಂದು ಸವಿತಾ ಅವರ ತಂದೆ ಅಂದಾನಪ್ಪ ಯಳಗಿಯವರು ಅಲ್ಲಿನ ಜನರನ್ನು ಕೇಳಿಕೊಂಡಿದ್ದರು. ಶೇ. 66.4ರಷ್ಟು ಮಂದಿ ಹಾಗೇ ಮತ ಹಾಕಿದರು. ಈ ಸಲ ಸುದ್ದಿಯನ್ನು ನಾವು ಗಟ್ಟಿಯಾಗಿಯೇ ಓದಿದೆವು. ಆಪಾ ಮೆಂತ್ಯ ಸೋಸುತ್ತ ಕೇಳಿದಳು. ಬಹಳ ಹೊತ್ತಿನ ಮೇಲೆ, "ನನ್ನದನ್ನು ಯಾವ ಮೂಲೆಯಲ್ಲಿ ಇಟ್ಟಿರಿ?" ಎಂದಳು.

ಅರ್ಧ ಮೀಟರ್ ಬಿಳಿ ಬಟ್ಟೆಯಲ್ಲಿ ಸುತ್ತಿ ಕಬರಸ್ತಾನಕ್ಕೆ ಒಯ್ದವರು ನಾವೇ. ಹದಿನಾಲ್ಕು ವರ್ಷ ಅವಳಿಗೆ ಹೇಳಿರಲಿಲ್ಲ. ಬೇವಿನ ಮರದ ಪಕ್ಕ, ಗೋಡೆಗೆ ಹತ್ತಿ, ಎಂದೆವು.