ದಾರಿಯಲ್ಲಿ ಸಿಗುವ ಮನೆಗಳು

ಮಂಗಳೂರಿನ ಹಳೇ ಬಂದರಿಗೆ ನೀವು ಎಂದಾದರೂ ಹೋಗಿದ್ದೀರಾ? ಲಕ್ಷದ್ವೀಪಕ್ಕೆ ಸಾಮಾನು ತುಂಬಿಕೊಂಡು ಹೋಗುವ ಮಂಜಿಗಳನ್ನು ಅಲ್ಲಿ ಕಾಣಬಹುದು. ನಮ್ಮ ನೆರೆಮನೆಯ ಹಿರಿಯರೊಬ್ಬರು ತಾರುಣ್ಯದಲ್ಲಿ ಹಾಯಿ ಕಟ್ಟಿದ ಮಂಜಿಯಲ್ಲಿ ದುಡಿದವರು. “ಗಾಳಿ ನಿಂತರೆ ಸಿಕ್ಕಿದ ಬಂದರಿನಲ್ಲಿ ನಾವೂ ನಿಲ್ಲುವುದು. ಆ ಊರಿನಲ್ಲಿ ನೆಂಟರಿದ್ದರೆ ಅವರ ಮನೆಗೆ, ಇಲ್ಲವಾದರೆ ಗೆಳೆಯರ ಮನೆಗೆ. ಗಾಳಿ ಬಂದ ಮೇಲೆ ಮತ್ತೆ ಹೊರಡುವುದು” ಎಂದು ಅವರು ಹೇಳುತ್ತಿರುತ್ತಾರೆ.

ರಸ್ತೆಯಲ್ಲಿ ಹೋಗುವ ನಮಗೆ ಗಾಳಿಯ ಹಂಗಿಲ್ಲ. ಅದಕ್ಕೇ ಇರಬೇಕು, ನಾವು ಎಲ್ಲಿಯೂ ನಿಲ್ಲುವುದಿಲ್ಲ.

ನನ್ನ ತವರು ಹಳೇ ಬಾಗಲಕೋಟೆ. ಯಜಮಾನರ ನೌಕರಿಯಿಂದಾಗಿ ಕರಾವಳಿಗೆ ಬಂದು ನೆಲೆಸಿದೆವು. ಅಬ್ಬಾ ತೀರಿಕೊಂಡ ಬಳಿಕ ಅಮ್ಮಿಯೂ ನಮ್ಮೊಂದಿಗೆ ಇದ್ದಾರೆ. ವಿಜಯಪುರದಲ್ಲಿರುವ ಮಾಮೂನ ಮನೆಗೆ ಹೋಗುವಾಗಲೆಲ್ಲ ನಾವು ಹಿಡಿಯುತ್ತಿದ್ದುದು ಮಂಗಳೂರಿನಿಂದ ಸೋಲಾಪುರಕ್ಕೆ ಹೋಗುವ ಹಳೆಯ 13ನೇ ನಂಬರಿನ ಹೆದ್ದಾರಿಯನ್ನು. ಚಿತ್ರದುರ್ಗದಿಂದಾಚೆ ಅದಕ್ಕೀಗ 50ರ ನಂಬರು ಬಂದಿದೆ. ಹೊಸಪೇಟೆ, ಕುಷ್ಟಗಿ ದಾಟಿದ ಮೇಲೆ ಇಳಕಲ್ ಬರುತ್ತದೆ. ರಾತ್ರಿ ಬಸ್ಸಿನಲ್ಲಿ ಎಲ್ಲರೂ ನಿದ್ದೆಯಲ್ಲಿರುತ್ತಿದ್ದರು. ಅಮ್ಮಿ ಮಾತ್ರ ಕಿಟಕಿಯ ಗಾಜು ಸರಿಸಿ ಹೊರಗೆ ನೋಡುತ್ತಿದ್ದರು. ಆ ಊರಿನಲ್ಲಿ ಅವರ ಸ್ವಂತ ಅಕ್ಕ ಇದ್ದಾರೆ. ಇಪ್ಪತ್ತು ವರ್ಷಗಳಿಂದ ಅವರಿಬ್ಬರಲ್ಲಿ ಮಾತಿರಲಿಲ್ಲ. ಸಾವಿನ ಮನೆಯಲ್ಲಿ ಎದುರಾದರೆ ಒಂದು ಸಲಾಮು, ಅಷ್ಟೇ.

ಕಾರಣ ಏನೆಂದು ನೀವು ಕೇಳಬಹುದು. ಕಾರಣ ನೀರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಲು 2000ದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಕೃಷ್ಣೆಯ ಹಿನ್ನೀರು ಘಟಪ್ರಭೆಗೂ ಏರಿತು. ಅದರ ದಡದಲ್ಲಿದ್ದ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿದವು. ಆ ನೀರಿನಿಂದ ಕೆಳಗಿನ ಜಿಲ್ಲೆಗಳ ಒಣನೆಲ ಹಸಿರಾಗಿದೆ, ಅದನ್ನು ಮರೆಯಬಾರದು. ಆದರೆ ಮುಳುಗಿದವರ ಮನೆಯೊಳಗೆ ಬೇರೆಯೇ ಒಂದು ಕತೆ ಇರುತ್ತದೆ. ನಾನಾನ ಮನೆಗೆ ಪರಿಹಾರದ ಹಣ ಬಂದಾಗ ಯಾರಿಗೆ ಎಷ್ಟು, ಯಾರು ಯಾವ ಕಾಗದಕ್ಕೆ ಸಹಿ ಹಾಕಿದರು ಎಂಬ ಮಾತು ಬಂತು. ತಂಗಿ ತಮ್ಮನ ಪರ ನಿಂತಳೆಂದು ಖಾಲಾ ನೊಂದುಕೊಂಡರು. ಅಕ್ಕ ತನ್ನನ್ನು ಸಂಶಯಿಸಿದಳೆಂದು ಅಮ್ಮಿ ನೊಂದರು. ಹಣ ಯಾವಾಗಲೋ ಖರ್ಚಾಗಿ ಹೋಯಿತು, ನೋವು ಉಳಿಯಿತು.

ಕಳೆದ ಡಿಸೆಂಬರ್ ರಜೆಯಲ್ಲಿ ಮಕ್ಕಳಿಗೆ ಬಾದಾಮಿ ತೋರಿಸಲೆಂದು ನಮ್ಮದೇ ಕಾರಿನಲ್ಲಿ ಹೊರಟೆವು. ಹೊಸಪೇಟೆಯಲ್ಲಿ ರಾತ್ರಿ ತಂಗಿ ಬೆಳಿಗ್ಗೆ ಇಳಕಲ್ ಸಮೀಪಿಸುವಾಗ ನನಗೆ ಮಂಜಿಯ ಹಿರಿಯರ ಮಾತು ನೆನಪಾಯಿತು. “ಅಮ್ಮಿ, ಇಳಿಯೋಣವೇ?” ಎಂದೆ. ಅಮ್ಮಿ ಉತ್ತರ ಕೊಡಲಿಲ್ಲ. ಸೆರಗು ಸರಿಪಡಿಸಿಕೊಂಡರು. ನನ್ನವರು ಕಾರನ್ನು ಊರೊಳಗೆ ತಿರುಗಿಸಿದರು.

ಸಂಬಂಧ ಜೋಡಿಸುವವನೆಂದರೆ ತನ್ನೊಂದಿಗೆ ಚೆನ್ನಾಗಿರುವವರ ಜೊತೆ ಚೆನ್ನಾಗಿರುವವನಲ್ಲ, ಕಡಿದುಕೊಂಡವರ ಬಳಿಗೂ ಹೋಗುವವನು ಎಂದು ಪ್ರವಾದಿಯವರು(ಸ) ಕಲಿಸಿದ್ದನ್ನು ನಾವೆಲ್ಲ ಎಷ್ಟೋ ಬಾರಿ ಕೇಳಿದ್ದೇವೆ. ಆದರೆ ಆ ಬಾಗಿಲಿನ ಮುಂದೆ ನಿಂತಾಗ ಕಾಲು ಎಷ್ಟು ಭಾರವಾಗುತ್ತದೆ ಎಂಬುದು ಅಂದು ತಿಳಿಯಿತು.

ಬಾಗಿಲು ತೆರೆದ ಖಾಲಾ ಸ್ವಲ್ಪ ಹೊತ್ತು ನೋಡಿದರು. ಸಲಾಮಿಗೆ ಉತ್ತರ ಹೇಳಿದರು. ಮತ್ತೆ ನನ್ನತ್ತ ತಿರುಗಿ, “ಖಾನಾ ಖಾಕೇಚ್ ಜಾನಾ” ಎಂದು ಅಡುಗೆ ಮನೆಗೆ ನಡೆದರು. ಅಮ್ಮಿಯೂ ಹಿಂದೆಯೇ ಹೋದರು. ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಕೇಳಿಸಿತು. ಮಾತು ಮಾತ್ರ ಕೇಳಿಸಲಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟವಾಯಿತು. ಹಣದ ಮಾತನ್ನು ಯಾರೂ ಎತ್ತಲಿಲ್ಲ.

ಖಾಲಾನ ಓಣಿಯಲ್ಲಿ ಒಂದು ಕಾಲಕ್ಕೆ ಮನೆಮನೆಗೂ ಕೈಮಗ್ಗವಿತ್ತು. ಈಗ ಬೆರಳೆಣಿಕೆಯಷ್ಟು ಉಳಿದಿವೆ. ಪಕ್ಕದ ಮನೆಯಲ್ಲಿ ನೆಲದ ಗುಂಡಿಗೆ ಕಾಲಿಳಿಬಿಟ್ಟು ಒಬ್ಬರು ಸೀರೆ ನೇಯುತ್ತಿದ್ದರು. ಖಾಲಾ ಅವರಿಗೆ ಕಂಡಿಕೆ ಸುತ್ತಿಕೊಡುತ್ತಾರೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಕೆಂಪು ಬಿಳಿಯ ಟೋಪ್ ತೆನಿ ಸೆರಗು ಬರುವುದು ಹೀಗೆ. ಪ್ರತಿ ಸೀರೆಗೂ ಈ ಕೆಲಸವನ್ನು ಹೊಸದಾಗಿ ಮಾಡಬೇಕು. “ಕೊಂಡಿ ಸಡಿಲಾದರೆ ಸೆರಗು ನಿಲ್ಲೂದಿಲ್ರಿ” ಎಂದರು ನೇಯುವವರು. ಅಮ್ಮಿ ಬಾಗಿ ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಹೊರಡುವಾಗ, ಬಾಗಲಕೋಟೆಯಲ್ಲಿ ಕಾಕುವನ್ನು ಕಾಣಬೇಕೆಂದು ಅಮ್ಮಿ ಹೇಳಿದರು. ಕಾಕು ಎಂದರೆ ಹಳೇ ಓಣಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವರು, ಅಕ್ಕ ತಂಗಿ ಇಬ್ಬರಿಗೂ ಬಾಲ್ಯದ ಗೆಳತಿ. ಖಾಲಾ ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು, “ನಾನೂ ಬರುತ್ತೇನೆ” ಎಂದು ಕಾರು ಹತ್ತಿದರು.

ಹುನಗುಂದ ದಾಟಿ, ಮಕ್ಕಳ ಹಠಕ್ಕೆ ಕೂಡಲಸಂಗಮಕ್ಕೆ ಹೋದೆವು. ಮಲಪ್ರಭೆ ಬಂದು ಕೃಷ್ಣೆಯನ್ನು ಸೇರುವ ಜಾಗವಿದು. ಬಸವಣ್ಣನವರ ಐಕ್ಯಮಂಟಪವನ್ನು ನೀರಿನ ನಡುವೆ ಬಾವಿಯಂತೆ ಗೋಡೆ ಕಟ್ಟಿ ಉಳಿಸಿದ್ದಾರೆ. ಆಚೆ ದಡದ ತಂಗಡಗಿಯಲ್ಲಿ ನೀಲಮ್ಮನವರ ಐಕ್ಯಸ್ಥಳವಿದೆ. ನಾವು ಒಂದು ದೋಣಿ ಹತ್ತಿದೆವು. ಸೇತುವೆಗಳಿಲ್ಲದ ಕಾಲದಲ್ಲಿ ಹರಿಗೋಲೇ ಇಲ್ಲಿನವರಿಗೆ ದಾರಿ. ಹೊಳೆ ತುಂಬಿ ಬಂದರೆ ಈ ದಡದವರ ಮನೆಯಲ್ಲೇ ಇದ್ದು ನೀರಿಳಿದ ಮೇಲೆ ಹೋಗಬೇಕಿತ್ತು ಎಂದು ನಾನಾ ಹೇಳುತ್ತಿದ್ದುದನ್ನು ಅಮ್ಮಿ ನೆನಪಿಸಿಕೊಂಡರು. ಮಂಜಿಯವರಿಗೆ ಗಾಳಿ, ಇವರಿಗೆ ಪ್ರವಾಹ.

ನಮ್ಮ ಮನೆ ಮುಳುಗಿದ್ದು ಈ ನೀರಿನಲ್ಲಲ್ಲ, ಮೇಲೆ, ಆಲಮಟ್ಟಿಯ ಹಿನ್ನೀರಿನಲ್ಲಿ. ಖಾಲಾ ದೋಣಿಯ ಅಂಚಿನಿಂದ ಕೈ ಇಳಿಬಿಟ್ಟು, “ನಮ್ಮ ಮನೆಯ ಮೇಲಿಂದ ಹರಿದ ನೀರು ಇಲ್ಲಿಗೇ ಬರುತ್ತದಲ್ಲವೇ?” ಎಂದರು. “ಹೌದು ಆಪಾ” ಎಂದರು ಅಮ್ಮಿ. ಇಪ್ಪತ್ತು ವರ್ಷಗಳ ಬಳಿಕ ಅವರಿಬ್ಬರು ನೇರವಾಗಿ ಆಡಿದ ಮೊದಲ ಮಾತು ಅದು.

ಹುನಗುಂದದ ಕಡೆಗೆ ಮರಳಿ, ಅಮೀನಗಡದಲ್ಲಿ ಕಾಕುವಿಗೆಂದು ಕರದಂಟು ಕಟ್ಟಿಸಿಕೊಂಡು ಬಾಗಲಕೋಟೆ ಸೇರುವಾಗ ಸಂಜೆಯಾಗಿತ್ತು. ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರವೇ ಈಗ ಜಿಲ್ಲಾ ಕೇಂದ್ರ. ಅಗಲ ರಸ್ತೆಗಳು, ಸೆಕ್ಟರ್ ನಂಬರುಗಳು. ನಮ್ಮಲ್ಲಿದ್ದ ಸೆಕ್ಟರ್ ನಂಬರು ತಪ್ಪಾಗಿತ್ತು. ಎರಡು ಸುತ್ತು ತಿರುಗಿ ಒಂದು ಚಹಾದಂಗಡಿಯ ಮುಂದೆ ನಿಂತೆವು. ಅಂಗಡಿಯಾತ ಸೆಕ್ಟರ್ ಕೇಳಲೇ ಇಲ್ಲ. “ಹಳೇ ಬಾಗಲಕೋಟ್ಯಾಗ ಯಾವ ಓಣಿಯವ್ರು?” ಎಂದ. ಅಮ್ಮಿ ಓಣಿಯ ಹೆಸರು ಹೇಳಿದ್ದೇ ತಡ, ಹುಡುಗನೊಬ್ಬನನ್ನು ಜೊತೆಗೆ ಕಳಿಸಿದ. ಯೋಚಿಸಿ ನೋಡಿ, ನೀರಿನಡಿಯಲ್ಲಿರುವ ವಿಳಾಸದಿಂದ ನಮಗೆ ಮನೆ ಸಿಕ್ಕಿತು!

ಕಾಕುವಿಗೆ ಈಗ ಕಣ್ಣು ಮಂಜು. ಧ್ವನಿಯಿಂದಲೇ ಇಬ್ಬರನ್ನೂ ಗುರುತಿಸಿದರು. ಹಳೆಯದೆಲ್ಲ ಹೊರಗೆ ಬಂತು. ದಿನಗಟ್ಟಲೆ ನಡೆಯುತ್ತಿದ್ದ ಹೋಳಿ, ಓಣಿ ನಡುಗಿಸುತ್ತಿದ್ದ ಹಲಗೆಯ ಸದ್ದು, ಅವರ ಮನೆಯಿಂದ ಬರುತ್ತಿದ್ದ ಹೋಳಿಗೆ, ಈದಿಗೆ ನಮ್ಮ ಮನೆಯಿಂದ ಹೋಗುತ್ತಿದ್ದ ಸುರಕುಂಬಾದ ಬೋಗುಣಿ. ಮಾತಿನ ನಡುವೆ ಕಾಕು ತಟ್ಟನೆ ಕೇಳಿದರು: “ನೀವಿಬ್ಬರೂ ಮಾತು ಬಿಟ್ಟೀರಂತ ಕೇಳಿದ್ನಲ್ಲ? ಮನಿ ಮುಳುಗಿದ್ದು ಸಾಲಲಿಲ್ಲೇನ್ ನಿಮಗ?”

ಯಾರೂ ಉತ್ತರಿಸಲಿಲ್ಲ. ಖಾಲಾ ಅತ್ತರು. ಅಮ್ಮಿಯೂ ಅತ್ತರು. ಕಾಕು ಕರದಂಟಿನ ಪೊಟ್ಟಣ ಬಿಚ್ಚಿ ಇಬ್ಬರ ಬಾಯಿಗೂ ಒಂದೊಂದು ತುಂಡು ಇಟ್ಟರು. ಅಂದು ರಾತ್ರಿ ಮೂವರೂ ಒಂದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡರು. ಫಜ್ರ್‌ಗೆ ನಾನು ಎದ್ದಾಗಲೂ ಒಳಗಿನಿಂದ ಪಿಸುಮಾತು ಕೇಳುತ್ತಿತ್ತು.

ಆಲಮಟ್ಟಿಯಲ್ಲಿ ನೀರಿನ ಮಟ್ಟವನ್ನು 524.256 ಮೀಟರ್‌ಗೆ ಏರಿಸಬಹುದೆಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿದೆ. ಅಂದರೆ ಇನ್ನಷ್ಟು ಮನೆಗಳು, ಹೊಲಗಳು ಮುಳುಗಲಿವೆ, ಇನ್ನಷ್ಟು ಪರಿಹಾರ ಬರಲಿದೆ. ಆ ಕುಟುಂಬಗಳ ಹಿರಿಯರಿಗೆ ನನ್ನದೊಂದು ವಿನಂತಿ: ಹಣ ಕೈಗೆ ಬರುವ ಮುಂಚೆಯೇ ಎಲ್ಲರನ್ನೂ ಕೂಡಿಸಿ ಪಾಲಿನ ಮಾತು ಮುಗಿಸಿರಿ, ಹೆಣ್ಣುಮಕ್ಕಳ ಹಕ್ಕನ್ನು ಅವರು ಕೇಳುವ ಮೊದಲೇ ಬರೆದಿಡಿ.

ಮರುದಿನ ಖಾಲಾರನ್ನು ಇಳಕಲ್ ಬಸ್ಸಿಗೆ ಹತ್ತಿಸಿ ಬಾದಾಮಿಗೆ ಹೊರಟೆವು. ಅಲ್ಲಿ ನನ್ನ ಕಾಲೇಜು ಗೆಳತಿ ಪೇರಲ ಹಣ್ಣಿನ ಬುಟ್ಟಿ ಹಿಡಿದು ಕಾಯುತ್ತಿದ್ದಳು. ಕೆಂಪು ಬಂಡೆಯಲ್ಲಿ ಕೊರೆದ ನಾಲ್ಕು ಗುಹೆಗಳು, ಕೆಳಗೆ ಅಗಸ್ತ್ಯ ತೀರ್ಥದ ಹಸಿರು ನೀರು. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಚಾಲುಕ್ಯರ ಈ ರಾಜಧಾನಿಯನ್ನು ನೀವು ಖಂಡಿತ ನೋಡಬೇಕು. ಬಿಸಿಲು ಕಡಿಮೆಯಿರುವ ನವೆಂಬರ್‌ನಿಂದ ಫೆಬ್ರವರಿಯವರೆಗೆ ಹೋದರೆ ಒಳ್ಳೆಯದು. ಮಂಗಗಳಿವೆ, ತಿಂಡಿಯ ಚೀಲ ಜೋಪಾನ. ಅಮ್ಮಿ ಮೆಟ್ಟಿಲು ಹತ್ತಲಿಲ್ಲ. ಕೆರೆಯ ಪಾವಟಿಗೆಯ ಮೇಲೆ ಕುಳಿತು, ಬಟ್ಟೆ ಒಗೆಯುತ್ತಿದ್ದ ಹೆಂಗಸರೊಂದಿಗೆ ಮಾತಿಗಿಳಿದಿದ್ದರು. “ನೋಡಲು ಬಂದದ್ದನ್ನು ನಾನು ನೋಡಿಯಾಯಿತು” ಎಂದರು.

ಬಾದಾಮಿಯ ಗುಹೆಗಳು ಹದಿನಾಲ್ಕು ನೂರು ವರ್ಷಗಳಿಂದ ಅಲ್ಲಿವೆ. ಮುಂದಿನ ರಜೆಗೂ ಇರುತ್ತವೆ. ನೀವು ಈ ಬಾರಿ ಪ್ರವಾಸದ ಪಟ್ಟಿ ಬರೆಯುವಾಗ ದಾರಿಯಲ್ಲಿ ಯಾರ ಮನೆ ಇದೆ ಎಂದು ಮೊದಲು ನೋಡಿಕೊಳ್ಳಿ. ಮಾತು ಬಿಟ್ಟವರ ಮನೆ ಇದ್ದರೆ ಅದನ್ನೇ ಮೊದಲು ಬರೆಯಿರಿ.

ಈಗ ಪ್ರತಿ ಶುಕ್ರವಾರ ಇಳಕಲ್‌ನಿಂದ ಫೋನ್ ಬರುತ್ತದೆ. ಮುಂದಿನ ಈದಿಗೆ ಖಾಲಾ ನಮ್ಮಲ್ಲಿಗೆ ಬರುವವರಿದ್ದಾರೆ, ಇನ್‌ಶಾ ಅಲ್ಲಾಹ್. ಬಂದಾಗ ಹಳೇ ಬಂದರಿಗೆ ಕರೆದೊಯ್ದು ಮಂಜಿ ತೋರಿಸಬೇಕೆಂದು ಅಮ್ಮಿ ಈಗಲೇ ಹೇಳಿಟ್ಟಿದ್ದಾರೆ.