ಹೊಳೆ ಹೊರೆಯಾದ ಪ್ರಸಂಗ

ಜಪಾನಿನ ಬ್ಯಾಂಕಿನಲ್ಲಿ ದುಡ್ಡಿಟ್ಟು, ಬಡ್ಡಿಯಿಂದ ಒಂದು ಹೊತ್ತಿನ ಕಾಫಿ ಕುಡಿದವರು ಯಾರಾದರೂ ನಿಮಗೆ ಗೊತ್ತೆ? ನನಗಂತೂ ಗೊತ್ತಿಲ್ಲ. 2016ರ ಫೆಬ್ರವರಿಯಲ್ಲಿ ಬ್ಯಾಂಕ್ ಆಫ್ ಜಪಾನಿನ ಋಣಾತ್ಮಕ ಬಡ್ಡಿ ದರ ಜಾರಿಗೆ ಬಂದ ಮೇಲೆ, ಇಲ್ಲಿನ ದೊಡ್ಡ ಬ್ಯಾಂಕುಗಳು ಉಳಿತಾಯ ಖಾತೆಯ ಬಡ್ಡಿಯನ್ನು ಶೇಕಡಾ 0.001ಕ್ಕೆ ಇಳಿಸಿದವು. ಹತ್ತು ಲಕ್ಷ ಯೆನ್ ವರ್ಷವಿಡೀ ಇಟ್ಟರೆ ಸಿಗುತ್ತಿದ್ದದ್ದು ಹತ್ತು ಯೆನ್. ಅದಕ್ಕೂ ಶೇಕಡಾ 20.315 ತೆರಿಗೆ! ಹೊತ್ತು ಮೀರಿ ಏಟಿಎಂಗೆ ಹೋದರೆ 110 ಯೆನ್ ಶುಲ್ಕ. ಅಂದರೆ ಒಂದು ಗುಂಡಿ ಒತ್ತಿದ್ದಕ್ಕೆ ಹನ್ನೊಂದು ವರ್ಷದ ಬಡ್ಡಿ ಸ್ವಾಹಾ. 2024ರ ಮಾರ್ಚಿನಲ್ಲಿ ಆ ಕಾಲ ಮುಗಿಯಿತು. 2025ರ ಮಾರ್ಚಿನ ಹೊತ್ತಿಗೆ ದೊಡ್ಡ ಬ್ಯಾಂಕುಗಳ ಬಡ್ಡಿ ಶೇಕಡಾ 0.2ಕ್ಕೆ ಏರಿತು. ಆದರೆ ನಾನು ಹೇಳಹೊರಟಿರುವುದು ಅದಕ್ಕೂ ಮುಂಚಿನ, 2023ರ ಕಥೆ.

ಆ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಬ್ಯಾಂಕಿನ ಜಾಹೀರಾತು ನಮ್ಮ ಕಣ್ಣಿಗೆ ಬಿತ್ತು. ಬ್ಯಾಂಕಿನ ಹೆಸರು ಬೇಡ ಬಿಡಿ. ಖಾತೆ ತೆರೆಯಿರಿ, ಸಂಬಳ ಅಲ್ಲಿಗೆ ಬರುವಂತೆ ಮಾಡಿ, ಮೂರು ಬಿಲ್ಲುಗಳನ್ನು ಆ ಖಾತೆಯಿಂದ ಕಟ್ಟಿ, ಹತ್ತು ಸಾವಿರ ಯೆನ್ ಬಹುಮಾನ ಪಡೆಯಿರಿ! ನನ್ನಾಕೆ ಕೂಡಲೇ ಲೆಕ್ಕ ಹಾಕಿದಳು. "ರೀ, ಹತ್ತು ಲಕ್ಷಕ್ಕೆ ವರ್ಷಕ್ಕೆ ಹತ್ತು ಯೆನ್ ಬಡ್ಡಿ. ಹತ್ತು ಸಾವಿರ ಅಂದ್ರೆ ಸಾವಿರ ವರ್ಷದ ಬಡ್ಡಿ ಒಟ್ಟಿಗೇ ಕೊಡ್ತಿದಾರೆ!" ಸಾವಿರ ವರ್ಷದ ಬಡ್ಡಿ ಬಾಗಿಲಿಗೆ ಬಂದಾಗ ಬೇಡ ಎನ್ನಲು ನಾವೇನು ವಿರಾಗಿಗಳೆ?

ಬಹುಮಾನದ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಷರತ್ತುಗಳಿದ್ದವು. ಮೊದಲು ಹೆಸರು ನೋಂದಾಯಿಸಬೇಕು, ಆಮೇಲೆ ಖಾತೆ ತೆರೆಯಬೇಕು. ಎರಡು ತಿಂಗಳೊಳಗೆ ಸಂಬಳ ಬರಬೇಕು, ಮತ್ತು ಅದು 'ಸಂಬಳ' ಎಂಬ ಗುರುತಿನೊಂದಿಗೇ ಬರಬೇಕು. ಕೊಡುವುದು ನಗದಲ್ಲ, ಪಾಯಿಂಟು. ಅದಕ್ಕೂ ಆರು ತಿಂಗಳ ಆಯುಷ್ಯ. ಇಷ್ಟನ್ನೂ ಓದಿ, ಅರ್ಥ ಮಾಡಿಕೊಂಡು, ಒಂದೊಂದಕ್ಕೂ ಟಿಕ್ ಹಾಕಿಯೇ ನಾವು ಇಳಿದೆವು.

ಖಾತೆ ಬದಲಿಸುವುದೆಂದರೆ ಕೊಡದ ನೀರನ್ನು ಇನ್ನೊಂದು ಕೊಡಕ್ಕೆ ಬಗ್ಗಿಸಿದಂತೆ ಎಂದು ದೂರದಿಂದ ಕಾಣುತ್ತದೆ. ಹತ್ತಿರ ಹೋದರೆ ಅದು ಹಳೆಯ ಮಲ್ಲಿಗೆ ಬಳ್ಳಿಯನ್ನು ಕಿತ್ತು ಬೇರೆ ಕಡೆ ನೆಟ್ಟಂತೆ. ಕರೆಂಟು, ಗ್ಯಾಸು, ನೀರು, ಫೋನು, ಮನೆ ಬಾಡಿಗೆ, ವಿಮೆ, ಮಗಳ ಶಾಲೆಯ ಊಟದ ಹಣ, ಎಲ್ಲವೂ 'ಕೋಝಾ ಫುರಿಕಾಎ' ಎಂಬ ದಾರದಲ್ಲಿ ಹಳೆಯ ಖಾತೆಗೆ ಗಂಟು ಬಿದ್ದಿರುತ್ತವೆ. ಪ್ರತಿ ತಿಂಗಳೂ ತಾನಾಗಿ ಕಡಿತವಾಗುವ ಈ ಏರ್ಪಾಡು ಇರುವಷ್ಟು ದಿನ ಸುಖವೋ ಸುಖ. ಬಿಚ್ಚಲು ಹೋದರೆ ಒಂದೊಂದು ಗಂಟಿಗೂ ಒಂದೊಂದು ಅರ್ಜಿ. ಕೆಲವು ಆನ್‌ಲೈನಿನಲ್ಲಿ ಮುಗಿದವು. ಶಾಲೆಯದು ಮಾತ್ರ ಮೂರು ಪದರದ ಕಾಗದ. ಅದಕ್ಕೆ ಬ್ಯಾಂಕಿನಲ್ಲಿ ನೋಂದಾಯಿಸಿದ ಹಾಂಕೊ ಮೊಹರೇ ಬೀಳಬೇಕು. ಮೊಹರಿನ ಒಂದು ಅಂಚು ಮಸುಕಾಗಿದೆಯೆಂದು ಆ ಕಾಗದ ಮೂರು ವಾರದ ನಂತರ ಅಂಚೆಯಲ್ಲಿ ಮರಳಿ ಬಂತು. ಒಂದು ಬದಲಾವಣೆ ಜಾರಿಯಾಗಲು ಒಂದೆರಡು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಸಂಬಳ ಹೊಸ ಖಾತೆಗೆ, ಕಡಿತ ಹಳೆಯ ಖಾತೆಯಿಂದ. ನಡುವೆ ದುಡ್ಡು ಹೊರುವ ಹಮಾಲಿ ನಾನು.

ಬ್ರಿಟನ್ನಿನಲ್ಲಿ 2013ರ ಸೆಪ್ಟೆಂಬರಿನಿಂದ ಇದಕ್ಕೊಂದು ವ್ಯವಸ್ಥೆಯಿದೆ. ಹೊಸ ಬ್ಯಾಂಕಿಗೆ ಒಂದು ಮಾತು ಹೇಳಿದರೆ ಸಾಕು, ಏಳು ಕೆಲಸದ ದಿನಗಳಲ್ಲಿ ಎಲ್ಲ ಕಡಿತಗಳೂ ತಾವಾಗಿ ಹೊಸ ಖಾತೆಗೆ ಬರುತ್ತವೆ. ಹಳೆಯ ಖಾತೆಗೆ ಯಾರಾದರೂ ಹಣ ಹಾಕಿದರೂ ಅದು ಹೊಸದಕ್ಕೆ ತಿರುಗುತ್ತದೆ. ಅಲ್ಲಿನ ಬ್ಯಾಂಕುಗಳೂ ಬಂದವರಿಗೆ ನೂರು, ಇನ್ನೂರು ಪೌಂಡ್ ಕೊಡುವುದುಂಟು. ಇಲ್ಲಿ ಗಂಟು ಬಿಚ್ಚುವ ಕೆಲಸವೆಲ್ಲ ನಮ್ಮದೇ. ಆಗ ನನಗೆ ಹೊಳೆದದ್ದು ಇದು: ಬರುವುದು ಕಷ್ಟವೆಂದೇ ಅವರು ಬಹುಮಾನ ಕೊಡುತ್ತಾರೆ, ಒಮ್ಮೆ ಬಂದವನಿಗೆ ಹೋಗುವುದೂ ಅಷ್ಟೇ ಕಷ್ಟವೆಂಬ ಧೈರ್ಯದ ಮೇಲೆ ಕೊಡುತ್ತಾರೆ.

ಇಷ್ಟೇ ಆಗಿದ್ದರೆ ಇದು ಎಲ್ಲರ ಗೋಳು. ನಮ್ಮಂಥವರ ಗೋಳು ಬೇರೆಯೇ ಇದೆ. ಅದು ಹೆಸರಿನದು.

ನಮ್ಮ ಕಡೆಯ ರೂಢಿಯಂತೆ ನನ್ನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು, ಕೊನೆಗೆ ನನ್ನ ಹೆಸರು ಸಾಲಾಗಿ ನಿಂತಿವೆ. ಊರು ಹೊಳೆನರಸೀಪುರ. ಜಪಾನಿನ ಬ್ಯಾಂಕುಗಳ ನಡುವೆ ಹಣ ಓಡಾಡುವಾಗ ಖಾತೆದಾರನ ಹೆಸರಿಗೆ ಮೂವತ್ತೇ ಚೌಕ. ಅದೂ ಅರ್ಧ ಅಗಲದ ಕಾತಾಕಾನಾ ಲಿಪಿಯಲ್ಲಿ. 'ಪು' ಬರೆಯಲು 'ಫು' ಒಂದು ಚೌಕ, ಅದರ ಪಕ್ಕದ ಸೊನ್ನೆ ಇನ್ನೊಂದು ಚೌಕ. ಊರಿಗೇ ಎಂಟು ಚೌಕ ಖರ್ಚಾದವು! ಕಾತಾಕಾನಾದಲ್ಲಿ ಳಕಾರವಿಲ್ಲ, ಲಕಾರವೂ ಇಲ್ಲ. ಎಲ್ಲಕ್ಕೂ ಒಂದೇ ರಕಾರ. ಹಾಗಾಗಿ ನಮ್ಮೂರಿನ 'ಹೊಳೆ' ಇಲ್ಲಿ 'ಹೊರೆ' ಆಯಿತು. ಹೇಮಾವತಿಯ ದಡದಲ್ಲಿ ಹುಟ್ಟಿದವನು ಟೋಕಿಯೊ ಕೊಲ್ಲಿಯ ದಡದಲ್ಲಿ ಹೊರೆ ಹೊತ್ತು ನಿಂತೆ.

ನನ್ನ ಹೆಸರಿನ ಕೊನೆಯ 'ಮೂರ್ತಿ'ಗೆ ಒತ್ತಕ್ಷರ ಬಾರದು. ಹಳೆಯ ಬ್ಯಾಂಕಿನಲ್ಲಿ ಅದು 'ಮುರುತೆಇ' ಎಂದಿತ್ತು. ದಾಸರ ಪದಗಳ 'ಮೂರುತಿ'ಗೆ ಹತ್ತಿರವೆಂದು ನಾನು ಸಮಾಧಾನ ಪಟ್ಟುಕೊಂಡಿದ್ದೆ. ಹೊಸ ಬ್ಯಾಂಕಿನ ಅರ್ಜಿಯಲ್ಲೂ ಹಳೆಯ ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ತಪ್ಪದೆ ಅದನ್ನೇ ಬರೆದೆ. ಒಳಗೆ ಯಾರೋ ಪುಣ್ಯಾತ್ಮರು ಅದನ್ನು ತಿದ್ದಿ 'ಮುರುಚಿ' ಮಾಡಿದರು. ಚೌಕ ಸಾಲದೆಂದು ಅಪ್ಪನ ಹೆಸರಿನ ಬಾಲವನ್ನೂ ಕತ್ತರಿಸಿದರು. ಕಾರ್ಡು ಮನೆಗೆ ಬಂದಾಗ ಅದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಸರಿಯಾಗಿಯೇ ಇತ್ತು. ಒಳಗಿನ ಕಾತಾಕಾನಾ ಯಾರಿಗೆ ಕಾಣಬೇಕು?

ಅದು ಕಂಡದ್ದು ಅಕ್ಟೋಬರಿನಲ್ಲಿ. ಊರಿನಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಮಂಡಿ ನೋವು, ಸಕ್ಕರೆ ಕಾಯಿಲೆ. ನೋಡಿಕೊಳ್ಳಲು ಹಗಲಿಗೊಬ್ಬರು ಹೆಂಗಸು ಬರುತ್ತಾರೆ. ಅವರ ಸಂಬಳ, ಅಮ್ಮನ ಔಷಧಿ ಎರಡೂ ನಾನು ಕಳಿಸುವ ದುಡ್ಡಿನಿಂದಲೇ ನಡೆಯಬೇಕು. 2010ರ ಏಪ್ರಿಲ್‌ನಲ್ಲಿ ಬ್ಯಾಂಕಲ್ಲದ ಕಂಪನಿಗಳಿಗೂ ಹಣ ರವಾನೆಯ ಅವಕಾಶ ಕೊಡುವ ಕಾನೂನು ಜಾರಿಗೆ ಬಂದ ಮೇಲೆ, ನಮ್ಮಲ್ಲಿ ಬಹಳ ಜನ ಅಂಥ ಕಂಪನಿಗಳ ಮೂಲಕವೇ ಊರಿಗೆ ಕಳಿಸುತ್ತೇವಲ್ಲ, ನಾನೂ ಹಾಗೆಯೇ. ಹೊಸ ಖಾತೆಯಿಂದ ಹಣ ಹಾಕಿದೆ. ಎರಡು ದಿನವಾಯಿತು, ಮೂರಾಯಿತು, ಅತ್ತ ಮುಟ್ಟಲಿಲ್ಲ. ವಿಚಾರಿಸಿದರೆ ಉತ್ತರ ಬಂತು: ನಮ್ಮಲ್ಲಿರುವ ಗಿರಾಕಿ 'ಮುರುತೆಇ', ಹಣ ಹಾಕಿದವರು 'ಮುರುಚಿ', ಬೇರೆಯವರ ಹಣವನ್ನು ನಾವು ರವಾನಿಸುವಂತಿಲ್ಲ.

ಕಂಪನಿಯವರದ್ದು ತಪ್ಪೆನ್ನಲಾರೆ. ಕಳ್ಳ ಹಣ ತಡೆಯುವ ನಿಯಮ ಅದು. ಆದರೆ ತನ್ನದೇ ದುಡಿಮೆಯ ಹಣಕ್ಕೆ ತಾನೇ ಬೇರೆಯವನಾಗುವುದು ಹೇಗಿರುತ್ತದೆ, ಅನುಭವಿಸಿದವರಿಗೇ ಗೊತ್ತು. ಅಪ್ಪ ತೀರಿಕೊಂಡು ಎಂಟು ವರ್ಷವಾಗಿತ್ತು. ಅವರ ಹೆಸರು ಅರ್ಧಕ್ಕೆ ತುಂಡಾಗಿ ಪರದೆಯ ಮೇಲೆ ಕಂಡಾಗ ಹತ್ತು ಸಾವಿರದ ಆಸೆಯೆಲ್ಲ ಇಳಿದುಹೋಯಿತು.

ಅಮ್ಮನಿಗೆ ಫೋನು ಮಾಡಿ ವಿಷಯ ಹೇಳಿದೆ. "ಪರವಾಗಿಲ್ಲ ಬಿಡೋ, ಆ ಹೆಂಗಸಿಗೆ ನನ್ನ ಡಬ್ಬೀಲಿರೋದು ಕೊಟ್ಟಿದೀನಿ" ಎಂದರು. ಆಮೇಲೆ, "ಅಲ್ವೋ, ದುಡ್ಡು ಕೊಟ್ಟು ಕರೆದೋರು ಹೆಸರು ಕೇಳಿಸ್ಕೊಬಾರ್ದಾ? ನಮ್ಮ ಪಿಗ್ಮಿಯವರು ದಿನಾ ಮನೆಗೇ ಬರೋರು, ಮನೆಮಂದಿ ಹೆಸರೆಲ್ಲ ಬಾಯಲ್ಲೇ ಇತ್ತು" ಎಂದರು.

ಪಿಗ್ಮಿ! ಆ ಪದ ಕೇಳಿ ಎಷ್ಟು ವರ್ಷವಾಗಿತ್ತು! 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅವರು 1928ರಲ್ಲಿ ಶುರು ಮಾಡಿದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಅದನ್ನು ಪಡೆಯಲು ಏಜೆಂಟರು ಮನೆ ಬಾಗಿಲಿಗೆ ಬರುತ್ತಿದ್ದರು. ಅಮ್ಮನ ಖಾತೆಯೂ ಆ ಬ್ಯಾಂಕಿನದೇ. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅಮ್ಮ ಖಾತೆ ಬದಲಿಸಲೇ ಇಲ್ಲ, ಬ್ಯಾಂಕೇ ಬದಲಾಯಿತು. 2021ರ ಜುಲೈನಿಂದ ಹಳೆಯ ಐಎಫ್‌ಎಸ್‌ಸಿ ಸಂಖ್ಯೆಗಳು ನಿಂತವು. ನಾನು ಇಲ್ಲಿಂದ ಹೊಸ ಸಂಖ್ಯೆ ನಮೂದಿಸಿದೆ, ಅಷ್ಟೇ. ಅಮ್ಮನ ಹೆಸರಿನ ಒಂದಕ್ಷರವೂ ಅಲುಗಲಿಲ್ಲ.

ನಾನು ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋದೆ. ನಿವಾಸ ಕಾರ್ಡು, ಹಾಂಕೊ, ಹಳೆಯ ಪಾಸ್‌ಬುಕ್ ಎಲ್ಲ ಕೌಂಟರಿನಲ್ಲಿ ಹರಡಿದೆ. ಆಕೆ ಹತ್ತು ಸಲ ಬಗ್ಗಿ ಕ್ಷಮೆ ಕೇಳಿದರು. ಮೂರು ಅರ್ಜಿಗಳಿಗೆ ಸಹಿ ಹಾಕಿಸಿಕೊಂಡರು. 'ಚಿ' ಮತ್ತೆ 'ತೆಇ' ಆಯಿತು. ಅಪ್ಪನ ಹೆಸರಿಗೆ ಮಾತ್ರ ಚೌಕ ಹುಟ್ಟಲಿಲ್ಲ. ಎಲ್ಲಿಗೆ ತುಂಡಾಗಿದೆ ಎಂದು ಬರೆದ ಪತ್ರವೊಂದನ್ನು ಕೊಟ್ಟರು, ಅದನ್ನು ರವಾನೆ ಕಂಪನಿಗೆ ಕಳಿಸಿದೆ. ಹಣ ಊರು ಮುಟ್ಟಿದ್ದು ಒಂಬತ್ತನೆಯ ದಿನ. ಬಹುಮಾನ ಬಂದದ್ದು ಫೆಬ್ರವರಿಯಲ್ಲಿ, ಏಳು ಸಾವಿರ ಪಾಯಿಂಟು. ಶಾಲೆಯ ಹಣ ಬೇರೊಂದು ಸಂಗ್ರಹಣಾ ಸಂಸ್ಥೆಯ ಮೂಲಕ ಕಡಿತವಾಗುವುದರಿಂದ ಅದು 'ಬಿಲ್ಲು' ಅಲ್ಲವಂತೆ. ಷರತ್ತಿನಲ್ಲಿ ಈ ಮಾತು ಎಲ್ಲಿಯೂ ಇರಲಿಲ್ಲ. ನನ್ನಾಕೆ ಮತ್ತೆ ಲೆಕ್ಕ ಹಾಕಿದಳು: ಅರ್ಜಿ, ಅಂಚೆ, ಫೋನು, ಓಡಾಟ ಸೇರಿ ಇಪ್ಪತ್ತೆರಡು ಗಂಟೆ. ಗಂಟೆಗೆ ಮುನ್ನೂರ ಹದಿನೆಂಟು ಯೆನ್. ಕೊಂಬಿನಿಯಲ್ಲಿ ನಿಂತು ಕೆಲಸ ಮಾಡುವ ವಿದ್ಯಾರ್ಥಿಗೆ ಇದರ ಮೂರು ಪಟ್ಟಿಗಿಂತ ಹೆಚ್ಚು ಕೂಲಿ ಸಿಗುತ್ತದೆ.

ಅದು ಬಹುಮಾನವಲ್ಲ, ಕೂಲಿ. ಬ್ಯಾಂಕು ಮಾಡಬೇಕಾದ ಕೆಲಸವನ್ನು ನಮ್ಮಿಂದ ಮಾಡಿಸಿ ಕೊಡುವ ಕೂಲಿ. ಉದ್ದ ಹೆಸರಿನವರಿಗೆ ಕೆಲಸ ಜಾಸ್ತಿ, ಕೂಲಿ ಅಷ್ಟೇ. ಹೀಗೆ ನೋಡಿದ ಮೇಲೂ ಸರಿ ಎನಿಸಿದರೆ ಧಾರಾಳವಾಗಿ ಬದಲಿಸಿ. ಆದರೆ ಹಳೆಯ ಖಾತೆಯನ್ನು ನಾಲ್ಕು ತಿಂಗಳಾದರೂ ದುಡ್ಡಿಟ್ಟು ಜೀವಂತ ಇರಿಸಿ. ಇಡೀ ಒಂದು ವರ್ಷದ ಪಾಸ್‌ಬುಕ್ ನೋಡಿ ಕಡಿತಗಳ ಪಟ್ಟಿ ಮಾಡಿ. ವರ್ಷಕ್ಕೊಮ್ಮೆ ಬರುವುವೇ ಕೈಕೊಡುವುದು. ಹೊಸ ಖಾತೆಯಲ್ಲಿ ನಿಮ್ಮ ಹೆಸರಿನ ಕಾತಾಕಾನಾ ಹೇಗಿದೆ ಎಂದು ಮುದ್ರಿಸಿ ತೋರಿಸಲು ಕೇಳಿ. ಊರಿಗೆ ಕಳಿಸುವ ಹಣವನ್ನು ಎಲ್ಲಕ್ಕಿಂತ ಕೊನೆಗೆ ಬದಲಿಸಿ. ಭಾರತಕ್ಕೆ ಮರಳುವವರು ಖಾತೆ ಮುಚ್ಚಿಯೇ ಹೊರಡಿ, ಯಾರಿಗೂ ಕಾರ್ಡು ಕೊಟ್ಟು ಬರಬೇಡಿ. ಅದು ಇಲ್ಲಿ ಅಪರಾಧ. ಎಂದೋ ಬಿಟ್ಟುಹೋದ ಖಾತೆಯಿದ್ದರೆ ನಿರಾಶೆ ಬೇಡ. 2018ರಿಂದ ಜಾರಿಯಲ್ಲಿರುವ ಕಾನೂನಿನಂತೆ ಹತ್ತು ವರ್ಷ ಅಲುಗದ ಠೇವಣಿ ಸಮಾಜ ಕಾರ್ಯಗಳಿಗೆ ಹೋಗುತ್ತದಾದರೂ, ನಿಮ್ಮ ಹಣವನ್ನು ನೀವು ಬ್ಯಾಂಕಿನಲ್ಲಿ ಆಮೇಲೂ ಕೇಳಿ ಪಡೆಯಬಹುದು.

ಇನ್ನೊಂದು ಮಾತು, ಹೊಸದಾಗಿ ತಂದೆ ತಾಯಿ ಆಗಲಿರುವವರಿಗೆ. ಇಲ್ಲಿ ಮಗು ಹುಟ್ಟಿದರೆ ಹದಿನಾಲ್ಕು ದಿನದೊಳಗೆ ವಾರ್ಡ್ ಕಚೇರಿಗೆ ಕೊಡುವ ಜನನ ಪತ್ರದಲ್ಲಿ ಹೆಸರನ್ನು ಕಾತಾಕಾನಾದಲ್ಲಿ ಬರೆಯಬೇಕು. ಅಜ್ಜಿ ಕರೆಯುವ ದನಿಗೆ ಆದಷ್ಟು ಹತ್ತಿರವಾಗಿ ಅದನ್ನು ಮನೆಯಲ್ಲೇ ಕೂತು ತೀರ್ಮಾನಿಸಿ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕೌಂಟರಿನವರು ಊಹಿಸುವವರೆಗೆ ಬಿಡಬೇಡಿ.